ಎದೆ ಒತ್ತಿದವಳು

ಓಟದಲ್ಲಿ ತನ್ನ ಹಿಂದೆ ಬರುವವರನ್ನು ಶಶಿಕಲಾ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಎಂಟುನೂರು ಮೀಟರಿನಲ್ಲಿ ಅವಳ ಮುಂದೆ ಹೋಗುವವರು ಇಡೀ ಉಡುಪಿ ಜಿಲ್ಲೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವಳ ತಾತ್ಸಾರದಿಂದ ತಪ್ಪಿಸಿಕೊಂಡವರ ಸಂಖ್ಯೆ ಬಹಳ ಕಡಿಮೆಯಿತ್ತು. ಅಪ್ಪ ಶರಣಬಸಪ್ಪ ಗಾರೆ ಕೆಲಸದವನು. ಗದಗದ ಕಡೆಯಿಂದ ಹೆಂಡತಿ ಯಂಕವ್ವನನ್ನೂ ಕಂಕುಳಲ್ಲಿದ್ದ ಈ ಮಗಳನ್ನೂ ಕರೆದುಕೊಂಡು ಬಂದು ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ. ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಗಂಡಹೆಂಡಿರಿಬ್ಬರೂ ದಿನಾ ನಡೆದೇ ಹೋಗುತ್ತಿದ್ದರು. ಮಗಳು ಓಡುತ್ತಿದ್ದಳು.

ಅವಳಿಗೆ ಎಲ್ಲರಿಗಿಂತ ಹೆಚ್ಚು ಅಸಡ್ಡೆ ಇದ್ದದ್ದು ಬೆನೆಡಿಕ್ಟಾಳ ಮೇಲೆ. ಕಲ್ಯಾಣಪುರದ ಹುಡುಗಿ, ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಳು. ಪ್ರತಿ ಕೂಟದಲ್ಲೂ ಬರುವಳು, ಐದನೆಯವಳೋ ಆರನೆಯವಳೋ ಆಗಿ ಗೆರೆ ದಾಟುವಳು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ದಾಟುವಾಗ ನಗುತ್ತಿದ್ದಳು. ಸೋತವರಿಗೆ ನಗು ಎಲ್ಲಿಂದ ಹುಟ್ಟುತ್ತದೆಂದು ಶಶಿಕಲಾಳಿಗೆ ಅರ್ಥವಾಗುತ್ತಿರಲಿಲ್ಲ. ಬಹುಮಾನದ ಹಲಗೆ ಮೇಲೆ ನಿಂತು ಆ ನಗುವನ್ನು ಕಂಡಾಗಲೆಲ್ಲ ಪದಕವೇ ಹಗುರಾದ ಹಾಗೆ ಅನಿಸಿ ಉರಿದುಹೋಗುತ್ತಿದ್ದಳು.

ಶಶಿಕಲಾಳನ್ನು ಓಡಿಸುತ್ತಿದ್ದವರು ಅವಳ ಕಾಲೇಜಿನ ದೈಹಿಕ ಶಿಕ್ಷಣದ ಲೋಹಿತಾಕ್ಷ ಮಾಸ್ಟ್ರು. ಊರು ಕಾಪು. ಮೀಸೆಗೆ ಕಪ್ಪು ಹಚ್ಚುತ್ತಿದ್ದರು. ಕೊರಳಲ್ಲಿ ಸೀಟಿ, ಮದುವೆ ಮನೆಗೂ ಅದು ಹೋಗುತ್ತಿತ್ತೆಂದು ಹುಡುಗರು ಹೇಳುತ್ತಿದ್ದರು. ಮೊದಲ ವರ್ಷ ಅವರ ಬಾಯಲ್ಲಿ ಶಶಿಕಲಾ ‘ಆ ಘಟ್ಟದ ಮೇಲಿನ ಹುಡುಗಿ’ ಆಗಿದ್ದಳು. ಪದಕ ಬರತೊಡಗಿದ ಮೇಲೆ ‘ನಮ್ಮ ಉಡುಪಿಯ ಹುಡುಗಿ’ ಆದಳು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುವ ಸೂಚನೆ ಸಿಕ್ಕಿದ ದಿನದಿಂದ ‘ನಾನು ತಯಾರು ಮಾಡಿದ ಹುಡುಗಿ’.

ಎರಡು ಸಾವಿರದ ಮೂರನೇ ಇಸವಿ. ಕಾರ್ಕಳದಲ್ಲಿ ಒಂದು ರಸ್ತೆ ಓಟ. ಏರಿನಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು ಹೋಗುತ್ತಿದ್ದಾಗ ಶಶಿಕಲಾಳ ಎದೆಯೊಳಗೆ ಯಾರೋ ಚೆಂಡೆ ಹೊಡೆಯಲು ಶುರುಮಾಡಿದ ಹಾಗಾಯಿತು. ಓಟದಲ್ಲಿ ಎದೆ ಹೊಡೆದುಕೊಳ್ಳುವುದು ಅವಳಿಗೆ ಹೊಸದಲ್ಲ. ಇದು ಬೇರೆ. ತಾಳ ತಪ್ಪಿದ ಚೆಂಡೆ. ಕಣ್ಣು ಕತ್ತಲಿಟ್ಟು ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿಗೆ, ಶುರುವಾದಷ್ಟೇ ಹಠಾತ್ತಾಗಿ ಅದು ನಿಂತಿತು. ಅಷ್ಟರಲ್ಲಿ ಎಂಥೆಂಥವರೋ ಅವಳನ್ನು ದಾಟಿ ಹೋಗಿದ್ದರು.

ಮರಳುವಾಗ ಮಾಸ್ಟ್ರು ಹಿರಿಯಡ್ಕದಲ್ಲಿ ಬಸ್ಸಿಳಿಸಿ ನಿಂಬೆ ಶರಬತ್ತು ಕುಡಿಸಿದರು.

“ಖಾಲಿ ಹೊಟ್ಟೆ ಅಷ್ಟೆ. ಹೆಣ್ಣುಮಕ್ಕಳಿಗೆ ಇದೆಲ್ಲ ಉಂಟು,” ಎಂದರು.

“ಒಮ್ಮೆ ಡಾಕ್ಟರಿಗೆ ತೋರಿಸಲಾ ಸರ್?”

“ತೋರಿಸಿದರೆ ಅವರು ಎಂತ ಹೇಳ್ತಾರೆ? ರೆಸ್ಟ್ ಮಾಡು ಅಂತಾರೆ. ನೀನು ರೆಸ್ಟ್ ಮಾಡಿದರೆ ಮುಂದಿನ ತಿಂಗಳು ಮಣಿಪಾಲದಲ್ಲಿ ಓಡುವುದು ಯಾರು, ನಾನಾ?”

ತಮ್ಮ ತಮಾಷೆಗೆ ತಾವೇ ನಕ್ಕರು. ಶಶಿಕಲಾಳೂ ನಕ್ಕಳು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅವ್ವ ಓಟವನ್ನೇ ಬಿಡಿಸುವಳೆಂದು ಗೊತ್ತಿತ್ತು.

ಮಣಿಪಾಲದ ಕೂಟದಲ್ಲಿ ಎಂಟುನೂರು ಮೀಟರ್ ಮಧ್ಯಾಹ್ನದ ಬಿಸಿಲಿಗೆ ಬಿತ್ತು. ಮೊದಲ ಸುತ್ತು ಮುಗಿಯುವಾಗಲೇ ಶಶಿಕಲಾ ಉಳಿದವರಿಂದ ಬಹಳ ಮುಂದಿದ್ದಳು. ಎರಡನೆಯ ಸುತ್ತಿನ ತಿರುವಿನಲ್ಲಿ ಮತ್ತೆ ಆ ಚೆಂಡೆ ಶುರುವಾಯಿತು. ‘ಗೆರೆ ದಾಟುವ ತನಕ ಸುಮ್ಮನಿರು’ ಎಂದು ತನ್ನ ಎದೆಗೆ ತಾನೇ ಗದರಿದಳು. ಕೆಂಪು ಮಣ್ಣು, ಅದರ ಮೇಲೆ ಎಳೆದ ಸುಣ್ಣದ ಗೆರೆ ಕಣ್ಣಿಗೆ ತೀರ ಹತ್ತಿರ ಬಂದವು. ಅಲ್ಲಿಂದಾಚೆ ಅವಳಿಗೆ ಏನೂ ನೆನಪಿಲ್ಲ.

ಆಮೇಲೆ ನೆನಪಿರುವುದು ಆಸ್ಪತ್ರೆಯ ಬಿಳಿ ಛಾವಣಿ, ನೋಯುವ ಗಂಟಲು, ಉಸಿರೆಳೆದರೆ ಚುಚ್ಚುವ ಪಕ್ಕೆ. ಗಂಟಲಿಗೆ ಹಾಕಿದ್ದ ಕೊಳವೆ ತೆಗೆದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: “ರೇಸ್ ಗೆದ್ದವರು ಯಾರು?” ಉತ್ತರ ಕೇಳಿ ಕಣ್ಣು ಮುಚ್ಚುವಳು, ಎಚ್ಚರಾದಾಗ ಮತ್ತೆ ಅದನ್ನೇ ಕೇಳುವಳು. ಹೃದಯ ನಿಂತು ಎದ್ದವರಿಗೆ ಕೆಲವು ದಿನ ಹೀಗೆ ಮರೆವು ಇರುತ್ತದೆ ಎಂದು ಡಾಕ್ಟರು ಹೇಳಿದ್ದರೂ ಯಂಕವ್ವನ ತಾಳ್ಮೆ ಮುಗಿದಿತ್ತು.

“ಯಾರರ ಗೆದ್ದಿರವಲ್ಲರು ಬಿಡ! ಸತ್ತಾಕಿ ಎದ್ದು ಕುಂತೀಯಂತ ನಾ ದೇವ್ರಿಗೆ ಕೈ ಮುಗಿಯಾಕತ್ತೀನಿ, ನಿನಗ ರೇಸಿನ ಚಿಂತಿ.”

ನಾಲ್ಕಾರು ದಿನಕ್ಕೆ ತಲೆ ತಿಳಿಯಾಯಿತು. ಡಾಕ್ಟರು ಮಂಚದ ಪಕ್ಕ ಕುಳಿತು ವಿವರಿಸಿದರು. ಹೃದಯದಲ್ಲಿ ಕರೆಂಟು ಹರಿಯುವುದಕ್ಕೆ ಒಂದು ದಾರಿ ಇರುತ್ತದೆ. ಇವಳಿಗೆ ಹುಟ್ಟುವಾಗಲೇ ಇನ್ನೊಂದು ಕಳ್ಳದಾರಿ ಇತ್ತು. ಆ ದಾರಿಯಲ್ಲಿ ಕರೆಂಟು ಮಿತಿಮೀರಿ ನುಗ್ಗಿದಾಗ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಆ ಕಳ್ಳದಾರಿಯನ್ನು ಸುಟ್ಟುಬಿಟ್ಟರೆ ಮುಗಿಯಿತು.

“ಮೊದಲು ಯಾವಾಗಲಾದರೂ ಹೀಗೆ ಆಗಿತ್ತಾ?” ಎಂದು ಕೇಳಿದರು.

ಮಂಚದ ಕಾಲ ಬಳಿ ಲೋಹಿತಾಕ್ಷ ಮಾಸ್ಟ್ರು ಮೂಸಂಬಿಯ ಚೀಲ ಹಿಡಿದು ನಿಂತಿದ್ದರು. ಶಶಿಕಲಾ ಅವರನ್ನು ನೋಡಿದಳು. ಅವರು ಕಿಟಕಿಯಾಚೆ ನೋಡಿದರು.

“ಕಾರ್ಕಳದಲ್ಲಿ,” ಎಂದಳು. ಒಡಕು ದನಿ ಅದಕ್ಕಿಂತ ಮುಂದೆ ಹೋಗಲಿಲ್ಲ.

“ಅವತ್ತೇ ಒಂದು ಇ.ಸಿ.ಜಿ. ತೆಗೆಸಿದ್ದರೆ ಸಾಕಿತ್ತಲ್ಲ!”

“ಅದೇ ನೋಡಿ ಡಾಕ್ಟ್ರೇ,” ಎಂದರು ಮಾಸ್ಟ್ರು ತಲೆಯಾಡಿಸುತ್ತ. “ಈಗಿನ ಮಕ್ಕಳು ನಮ್ಮಲ್ಲಿ ಒಂದು ಮಾತು ಹೇಳುವುದಿಲ್ಲ.”

ಮನುಷ್ಯ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲ, ಹೇಳಿದ ಮೇಲೆ ಮೂಸಂಬಿಯನ್ನೂ ಸುಲಿದು ಕೊಡಬಲ್ಲ ಎಂಬುದನ್ನು ಶಶಿಕಲಾ ಆ ದಿನ ನೋಡಿದಳು. ಕೊಟ್ಟ ತೊಳೆಯನ್ನು ಬಾಯಿಗಿಡಲಿಲ್ಲ. ಅಷ್ಟು ಮಾಡುವುದಕ್ಕಷ್ಟೇ ಅವಳಲ್ಲಿ ತ್ರಾಣವಿತ್ತು.

ಅದಕ್ಕಿಂತ ದೊಡ್ಡ ಸುಳ್ಳು ಮರುದಿನದ ಪೇಪರಿನಲ್ಲಿತ್ತು. ‘ಶಿಷ್ಯೆಯ ಪ್ರಾಣ ಉಳಿಸಿದ ಗುರು’ ಎಂದು ತಲೆಬರಹ. ಮಾಸ್ಟ್ರು ಸಮಯಪ್ರಜ್ಞೆಯಿಂದ ಪ್ರಥಮ ಚಿಕಿತ್ಸೆ ನೀಡಿ ಅವಳನ್ನು ಸಾವಿನ ದವಡೆಯಿಂದ ಎಳೆದು ತಂದರಂತೆ. ಸೀಟಿ ಸಮೇತ ಅವರ ಫೋಟೊ. ಶರಣಬಸಪ್ಪನಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಮಂಚದವರು ಓದಿ ಹೇಳಿದರು. ಸಂಜೆ ಮಾಸ್ಟ್ರು ಬಂದಾಗ ಅವನು ಎದ್ದುಹೋಗಿ, ಸಿಮೆಂಟಿನಿಂದ ಬಿರುಕುಬಿಟ್ಟ ಎರಡೂ ಕೈಗಳಿಂದ ಅವರ ಪಾದ ಹಿಡಿದ. “ನೀವ ನಮ್ಮ ಪಾಲಿನ ದೇವ್ರು ಸರ್ರ,” ಎಂದ. ಮಾಸ್ಟ್ರು ‘ಬೇಡ ಬೇಡ’ ಎನ್ನುತ್ತ, ಅವನು ಪೂರ್ತಿ ಬಗ್ಗಿ ಮುಗಿಸುವ ತನಕ ಪಾದ ಅಲ್ಲಿಯೇ ಇಟ್ಟುಕೊಂಡಿದ್ದರು.

ಅದಾದ ಮರುದಿನ ನರ್ಸಿಂಗ್ ವಿದ್ಯಾರ್ಥಿನಿಯರ ಉಡುಪಿನಲ್ಲಿ ಒಬ್ಬಳು ಮಂಚದ ಬಳಿ ಬಂದು ನಿಂತಳು. ಬೆನೆಡಿಕ್ಟಾ. ಓಟದ ಚಡ್ಡಿ ಬನಿಯನ್ನಿನಲ್ಲಿ ಮಾತ್ರ ನೋಡಿದ್ದ ಶಶಿಕಲಾಳಿಗೆ ನಗು ಕಂಡ ಮೇಲಷ್ಟೇ ಗುರುತು ಸಿಕ್ಕಿತು.

“ಎಲುಬು ಹೇಗುಂಟು?” ಎಂದಳು.

“ಯಾವ ಎಲುಬು?”

“ಪಕ್ಕೆಯದ್ದು ಮಾರಾಯ್ತಿ. ನಾನು ಮುರಿದದ್ದು.”

ಬೆನೆಡಿಕ್ಟಾ ಸ್ಟೂಲು ಎಳೆದುಕೊಂಡು ಕುಳಿತಳು.

“ನಿನಗೆ ಯಾರೂ ಹೇಳಲಿಲ್ವಾ? ನೀನು ಬಿದ್ದೆ. ನಾನು ಹಿಂದಿನಿಂದ ಬರ್ತಾ ಇದ್ದೆ. ಮುಟ್ಟಿ ನೋಡಿದರೆ ನಾಡಿಯೇ ಇಲ್ಲ. ಉಸಿರು ಮೀನಿನ ಹಾಗೆ ಎಲ್ಲೋ ಒಂದೊಂದು. ಎದೆ ಒತ್ತಲಿಕ್ಕೆ ಶುರುಮಾಡಿದೆ. ಸುತ್ತ ಜನವೋ ಜನ. ಒಬ್ಬ ಫಿಟ್ಸ್ ಅಂತ ನಿನ್ನ ಕೈಯಲ್ಲಿ ಬೈಕಿನ ಕೀ ಇಟ್ಟ. ಇನ್ನೊಬ್ಬ ಮೂಗಿಗೆ ಹಿಡಿಯಲಿಕ್ಕೆ ನೀರುಳ್ಳಿ ತರ್ತೇನೆ ಅಂತ ಕ್ಯಾಂಟೀನಿಗೆ ಓಡಿ, ಬಜ್ಜಿಗೆ ಕಲಸಿಟ್ಟ ನೀರುಳ್ಳಿಯನ್ನೇ ತಂದ, ಹಿಟ್ಟು ಸಮೇತ!”

“ನಮ್ಮ ಸರ್?”

“ನಿನ್ನ ಬಾಯಿಗೆ ಗ್ಲೂಕೋಸ್ ನೀರು ಹೊಯ್ಯಲಿಕ್ಕೆ ಬಂದರು. ಒಂದು ಗುಟುಕು ಒಳಗೆ ಹೋಗಿದ್ದರೂ ಶ್ವಾಸಕೋಶಕ್ಕೇ ಇಳಿಯುತ್ತಿತ್ತು. ಮೊಣಕೈಯಲ್ಲಿ ಕೊಟ್ಟೆ ಒಂದು, ಗ್ಲಾಸು ಹಾರಿಹೋಯಿತು. ‘ಹುಡುಗಿಯ ಎದೆ ಹಾಗೆ ಒತ್ತಬಾರದು, ಎಲುಬು ಮುರೀತದೆ’ ಅಂತ ನನ್ನ ತೋಳು ಹಿಡಿದು ಎಳೆದರು. ಮುರಿದದ್ದು ಹೌದು. ಆದರೆ ಬಿಡ್ಲಿಲ್ಲ ನಾನು. ಓಟ ನೋಡಲಿಕ್ಕೆ ನನ್ನ ಮಾಮ ಪೀಟರ್ ಓಮ್ನಿಯಲ್ಲಿ ಬಂದಿದ್ದರು. ಅದರಲ್ಲಿ ನಿನ್ನನ್ನು ಮಲಗಿಸಿ ಆಸ್ಪತ್ರೆಯ ಬಾಗಿಲ ತನಕ ಒತ್ತುತ್ತಲೇ ಬಂದೆ. ಇಲ್ಲಿ ಶಾಕ್ ಕೊಟ್ಟರು, ಎದೆ ಹೊಡೀಲಿಕ್ಕೆ ಶುರುವಾಯಿತು. ನಿನ್ನ ಸರ್ ಮುಂದಿನ ಸೀಟಲ್ಲಿ ಕೂತು ಹಾರ್ನ್ ಒತ್ತುತ್ತಿದ್ದರು. ಸುಳ್ಳು ಹೇಳಬಾರದು, ಅವರೂ ಒತ್ತಿದ್ದಾರೆ.”

ಶಶಿಕಲಾಳಿಗೆ ನಗು ಬಂತು. ನಕ್ಕರೆ ಪಕ್ಕೆ ಪ್ರಾಣ ಹೋಗುವಷ್ಟು ನೋಯಿತು.

“ಪೇಪರಿನವರಿಗೆ ಯಾಕೆ ಹೇಳಲಿಲ್ಲ?”

“ಕೇಳಿದ್ದರೆ ಹೇಳ್ತಿದ್ದೆ. ಕೇಳಲಿಲ್ಲ.”

“ರೇಸ್ ಬಿಟ್ಟೆಯಲ್ಲ ನೀನು.”

“ಹೇಗೂ ಆರನೆಯವಳು. ಸೋಲಿಗೆ ಮೊದಲನೇ ಸಲ ಒಂದು ಒಳ್ಳೆ ಕಾರಣ ಸಿಕ್ಕಿತು.”

ಉಪಕಾರ ಎನ್ನಲು ಶಶಿಕಲಾ ಬಾಯಿ ತೆರೆದಳು. ಶಬ್ದ ಬರಲಿಲ್ಲ. ಬದುಕಿರುವುದಕ್ಕಾಗಿ ಯಾರಿಗಾದರೂ ಋಣಿಯಾಗಬೇಕಿದ್ದರೆ ಅದು ಈ ಆರನೆಯವಳಿಗೇ ಆಗಬೇಕೇ ಎಂಬ ಸಣ್ಣತನ ಆ ಮಂಚದ ಮೇಲೂ ಅವಳನ್ನು ಬಿಟ್ಟಿರಲಿಲ್ಲ. ಬೆನೆಡಿಕ್ಟಾ ಕಾಯುತ್ತಲೂ ಇರಲಿಲ್ಲ. ಡ್ಯೂಟಿ ಉಂಟು ಎಂದು ಎದ್ದುಹೋದಳು.

ಕಳ್ಳದಾರಿ ಸುಡುವ ದಿನ ಅವಳಿಗೆ ಎಚ್ಚರವಿತ್ತು. ಆ ದಾರಿ ಎಲ್ಲುಂಟೆಂದು ಹುಡುಕಲು ಡಾಕ್ಟರು ಬೇಕೆಂದೇ ಒಮ್ಮೆ ಎದೆಯನ್ನು ಓಡಿಸಿದರು. ಚೆಂಡೆಯ ಸದ್ದು ಕೇಳಿದ್ದೇ ಶಶಿಕಲಾ ಮಂಚದ ಅಂಚನ್ನು ಹಿಡಿದುಕೊಂಡಳು. ಎದೆಯಲ್ಲಿ ಸ್ವಲ್ಪ ಉರಿಯಾಯಿತು. ಆಮೇಲೆ ಡಾಕ್ಟರು ಎಷ್ಟು ಪ್ರಯತ್ನಿಸಿದರೂ ಚೆಂಡೆ ಬರಲಿಲ್ಲ. “ಮುಗಿಯಿತು. ಪಕ್ಕೆ ಗುಣವಾಗಲಿ, ಕೆಲವು ತಿಂಗಳು ನೋಡೋಣ, ಪರೀಕ್ಷೆ ಸರಿಯಿದ್ದರೆ ಓಡಬಹುದು,” ಎಂದರು. ಖರ್ಚಿನ ದೊಡ್ಡ ಪಾಲು ಆಸ್ಪತ್ರೆಯ ದತ್ತಿ ನಿಧಿಯಿಂದ ಬಂತು.

ಪರ್ಕಳದ ಕೋಣೆಗೆ ಬಂದ ಮೇಲೆ ಇನ್ನೊಂದು ಕಾಯಿಲೆ ಶುರುವಾಯಿತು. ನೋಡಲು ಬರುವವರು. ಓಟದಲ್ಲಿ ಗೆದ್ದಾಗ ಈ ಕಡೆ ತಲೆಹಾಕದವರೆಲ್ಲ ಬಿಸ್ಕಿಟು ಪೊಟ್ಟಣ ಹಿಡಿದು ಬಂದರು. ಹೆಣ್ಣುಮಕ್ಕಳು ಚಡ್ಡಿ ಹಾಕಿ ಓಡಿದರೆ ಇನ್ನೆಂತ ಆಗುತ್ತದೆ ಎಂದರು. ಮನೆಯ ಒಡತಿ ಅಪ್ಪಿಯಕ್ಕ ಬಾಗಿಲಲ್ಲೇ ನಿಂತು, “ಹಾರ್ಟ್ ಪೇಷೆಂಟನ್ನು ಇನ್ನು ಯಾರು ಕಟ್ಟಿಕೊಳ್ತಾರೆ ಯಂಕವ್ವಾ? ಎಂಥಾ ಗ್ರಹಚಾರ,” ಎಂದು ಮರುಗಿದಳು. ಮರುಕದಲ್ಲಿ ಅವಳಿಗೆ ಬಹಳ ರುಚಿ ಸಿಕ್ಕಿದಂತಿತ್ತು.

“ನಿಮ್ಮ ಮಂಡಿನೋವು ಹೇಗುಂಟು ಅಪ್ಪಿಯಕ್ಕ?” ಎಂದು ಶಶಿಕಲಾ ಒಳಗಿನಿಂದ ಕೇಳಿದಳು. “ಮೆಟ್ಟಿಲು ಹತ್ತುವಾಗ ಏದುಸಿರು ಕೇಳ್ತಾ ಇತ್ತು. ಒಮ್ಮೆ ಇ.ಸಿ.ಜಿ. ತೆಗೆಸಿ.”

ಅಪ್ಪಿಯಕ್ಕ ಮತ್ತೆ ಬರಲಿಲ್ಲ.

ಬೆನೆಡಿಕ್ಟಾ ಹೇಳಿದ್ದನ್ನೂ ಹಿರಿಯಡ್ಕದ ಶರಬತ್ತಿನ ಸಂಗತಿಯನ್ನೂ ಶಶಿಕಲಾ ಒಂದು ದಿನ ಊಟಕ್ಕೆ ಕುಳಿತಾಗ ಬಿಡಿಸಿ ಹೇಳಿದಳು. ಯಂಕವ್ವ ಮಾಸ್ಟ್ರ ವಂಶವನ್ನೆಲ್ಲ ಎತ್ತಿ ಬೈದಳು. ಶರಣಬಸಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಳಿಸಿದ.

“ನಾ ಆ ಮನಷ್ಯಾನ ಕಾಲು ಹಿಡದಿನಲ್ಲವ್ವಾ,” ಎಂದ.

ಮಾಸ್ಟ್ರು ಹೇಳಿದ ಸುಳ್ಳು, ಎಳೆದ ತೋಳು, ಚೆಲ್ಲಿದ ಗ್ಲೂಕೋಸು ಇವನ್ನೆಲ್ಲ ಶಶಿಕಲಾ ಬೇಕಿದ್ದರೆ ನಕ್ಕು ಬಿಡಬಲ್ಲವಳಾಗಿದ್ದಳು. ಅಪ್ಪನ ಆ ಮಾತನ್ನು ಬಿಡಲಾಗಲಿಲ್ಲ.

ಹಾಗಾಗಿ ಕಾಪುವಿನ ಯುವಕ ಸಂಘದವರು ‘ಗುರು-ಶಿಷ್ಯೆ ಸನ್ಮಾನ’ಕ್ಕೆ ಕರೆಯಲು ಬಂದಾಗ ಅವಳು ಕೂಡಲೇ ಒಪ್ಪಿದಳು. ಬೆನೆಡಿಕ್ಟಾಳನ್ನೂ ಕರೆದಳು. “ನನಗೆ ಡ್ಯೂಟಿ ಉಂಟು. ಶಾಲು ಸಿಕ್ಕಿದರೆ ತಾ, ಚಳಿಗೆ ಆದೀತು,” ಎಂದಳು ಅವಳು.

ಕಾಪುವಿನ ಕಡಲ ಬದಿಯ ಬಯಲು. ವೇದಿಕೆಯ ಮೇಲೆ ಕುಳಿತವರೇ ಹನ್ನೆರಡು ಮಂದಿ, ಅವರಲ್ಲಿ ಯಾವತ್ತಾದರೂ ಓಡಿದವಳು ಶಶಿಕಲಾ ಒಬ್ಬಳೇ. ನಿರೂಪಣೆ ಮಾಡುತ್ತಿದ್ದವನು ರಿತೇಶ್ ಎಂಬ ತರುಣ. ಗಾಳಿಗೆ ಹಾರುವ ಕೂದಲನ್ನು ಸರಿಪಡಿಸಿಕೊಳ್ಳುತ್ತ ‘ದ್ರೋಣ’, ‘ಸಂಜೀವಿನಿ’, ‘ಯಮನ ಪಾಶ’ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಸಭೆಯ ಮೇಲೆ ಎಸೆದ. ಆಮೇಲೆ ಮಾಸ್ಟ್ರು ಮಾತಾಡಿದರು. ಮಾತು ಸಾಲದೆಂದು, ಪ್ರಾಣ ಉಳಿಸಿದ್ದು ಹೇಗೆಂದು ತೋರಿಸಲು ಸಂಘದ ಒಬ್ಬ ಸದಸ್ಯನನ್ನು ವೇದಿಕೆಯ ಮೇಲೆ ಅಂಗಾತ ಮಲಗಿಸಿದರು. ಬಗ್ಗಿ ಒತ್ತಿದರು. ಒತ್ತಿದ್ದು ಹೊಟ್ಟೆಯನ್ನು. ಮಲಗಿದವನು ಆಗಷ್ಟೇ ಚಹಾ ಕುಡಿದು ಬಂದಿದ್ದನೆಂದು ಕಾಣುತ್ತದೆ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಜನ ಚಪ್ಪಾಳೆ ತಟ್ಟಿದರು.

ಹಾರ ಹಾಕಲು ಶಶಿಕಲಾಳನ್ನು ಕರೆದರು. ಅವಳು ಹಾರ ಬಿಟ್ಟು ಮೈಕು ಹಿಡಿದಳು.

“ಸರ್ ಈಗ ಒತ್ತಿದ್ದು ಹೊಟ್ಟೆ. ಹೃದಯ ಇರುವುದು ಅಲ್ಲಿ ಅಲ್ಲ,” ಎಂದಳು. ಸಭೆ ನಕ್ಕಿತು. “ನನ್ನನ್ನು ಉಳಿಸಿದ್ದು ಇವರಲ್ಲ. ಕಲ್ಯಾಣಪುರದ ಬೆನೆಡಿಕ್ಟಾ ಎಂಬ ಹುಡುಗಿ, ನನ್ನ ಜೊತೆ ಓಡುತ್ತಿದ್ದವಳು. ಅವಳು ಎದೆ ಒತ್ತುವಾಗ ಇವರು ಅವಳ ತೋಳು ಹಿಡಿದು ಎಳೆದರು. ಕಾರ್ಕಳದಲ್ಲಿ ನನಗೆ ಮೊದಲ ಸಲ ಹೀಗಾದಾಗ ಡಾಕ್ಟರಿಗೆ ತೋರಿಸುತ್ತೇನೆಂದರೆ ಬೇಡವೆಂದವರು ಇವರೇ. ನಮ್ಮ ಅಪ್ಪ ಇವರ ಕಾಲು ಹಿಡಿದಿದ್ದಾರೆ. ಅದನ್ನು ವಾಪಸು ಕೊಡಲಿ, ಆಮೇಲೆ ಹಾರ ಹಾಕುತ್ತೇನೆ.”

ವೇದಿಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ಟ್ರು ಎರಡು ಕೈಯಲ್ಲಿ ಸೀಟಿ ಹಿಡಿದುಕೊಂಡಿದ್ದರು. ಶಶಿಕಲಾಳಿಗೆ ಈಗ ಏನೋ ಆಗುತ್ತದೆ ಎನಿಸಿತು. ಯಾರಾದರೂ ಎದ್ದು ‘ಹೌದಾ?’ ಎಂದು ಕೇಳುತ್ತಾರೆ ಎನಿಸಿತು.

ರಿತೇಶ್ ನಗುತ್ತ ಬಂದು ಮೈಕು ತೆಗೆದುಕೊಂಡ. “ನೋಡಿ, ಗುರುಗಳ ಜೊತೆ ಎಂಥಾ ಸಲಿಗೆ! ಸಾವನ್ನು ಗೆದ್ದ ಮೇಲೂ ತಮಾಷೆ ಬಿಟ್ಟಿಲ್ಲ ನಮ್ಮ ಹುಡುಗಿ. ಇವಳಿಗೊಂದು ಜೋರಾದ ಚಪ್ಪಾಳೆ!”

ಚಪ್ಪಾಳೆ ಬಿತ್ತು, ಮೊದಲಿಗಿಂತ ಜೋರಾಗಿ. ಮಾಸ್ಟ್ರಿಗೆ ಶಾಲು ಹೊದೆಸಿದರು. ಮಗಳ ಜೊತೆ ಬಂದು ಸಭೆಯ ಸಾಲಿನಲ್ಲಿ ಕುಳಿತಿದ್ದ ಶರಣಬಸಪ್ಪ ಎದ್ದು ನಿಂತು ಕೂಗಿದ: “ಆಕಿ ಹೇಳಿದ್ದು ಕೇಳಸಲಿಲ್ಲೇನ್ರಿ ನಿಮಗ? ಕಿವಿ ಅದಾವೋ ಇಲ್ಲೋ?”

ಸ್ವಯಂಸೇವಕನೊಬ್ಬ ಓಡಿಬಂದು ಅವನ ಹೆಗಲು ಹಿಡಿದ. “ಬನ್ನಿ ಬನ್ನಿ, ನಿಮಗೂ ಫಲಾಹಾರ ಉಂಟು, ಆ ಕಡೆ.”

ಶರಣಬಸಪ್ಪ ಆ ಕೈಯನ್ನು ಹೆಗಲಿನಿಂದ ತೆಗೆದಿಟ್ಟು, ಮಗಳನ್ನು ವೇದಿಕೆಯಿಂದ ಕರೆದುಕೊಂಡು ಹೊರಟ. ಉಡುಪಿಯಲ್ಲಿ ಬಸ್ಸಿನಿಂದ ಇಳಿಯುವಾಗ, “ಛಲೋ ಮಾತಾಡಿದಿ,” ಎಂದ. “ಅವ್ರಿಗೆ ತಿಳೀಲಿಲ್ಲ, ತಿಳೀದಿದ್ರ ಹೋಗ್ಲಿ. ನಾ ಕೇಳಿದೆ.”

ಮಾಸ್ಟ್ರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಪ್ರಥಮ ಚಿಕಿತ್ಸೆಯ ಬಗ್ಗೆ ಶಾಲೆಗಳಲ್ಲಿ ಉಪನ್ಯಾಸ ಕೊಡಲು ಅವರನ್ನು ಕರೆಯತೊಡಗಿದರು. ಶಶಿಕಲಾ ಎದೆ ಒತ್ತುವುದನ್ನು ಬೆನೆಡಿಕ್ಟಾಳಿಂದ ಕಲಿತಳು. ಅವಳ ನರ್ಸಿಂಗ್ ಕಾಲೇಜಿನಲ್ಲಿ ಅದಕ್ಕೆಂದೇ ಒಂದು ರಬ್ಬರಿನ ಬೊಂಬೆ ಇತ್ತು. “ಗಟ್ಟಿಯಾಗಿ ಒತ್ತು. ಅದಕ್ಕೆ ನೋವಾಗುವುದಿಲ್ಲ,” ಎಂದಳು ಬೆನೆಡಿಕ್ಟಾ. ಶಶಿಕಲಾ ಒತ್ತಿದ ರಭಸಕ್ಕೆ ಬೊಂಬೆ ಮೇಜಿನ ತುದಿಗೆ ಬಂತು. ಬೆವರು ಇಳಿದರೂ ನಿಲ್ಲಿಸಲಿಲ್ಲ. ಇಷ್ಟು ಹೊತ್ತು ಇವಳು ಒತ್ತಿದ್ದಳಲ್ಲ, ಅದೂ ಒಂದೂವರೆ ಸುತ್ತು ಓಡಿದ ಮೇಲೆ ಎಂದು ಆಗ ಅವಳ ತೋಳಿಗೆ ಗೊತ್ತಾಯಿತು.

“ನಿನ್ನ ಓಟ ಕೆಟ್ಟದ್ದು. ಒತ್ತುವುದು ಪರವಾಗಿಲ್ಲ,” ಎಂದಳು ಶಶಿಕಲಾ.

ಅವಳ ಬಾಯಿಂದ ಉಪಕಾರ ಎಂಬುದು ಹಾಗೆ ಹೊರಬಿತ್ತು. ಬೆನೆಡಿಕ್ಟಾ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡು ಹೊಟ್ಟೆ ಹಿಡಿದು ನಕ್ಕಳು.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಓಡಬಹುದೆಂದ ದಿನ ಶಶಿಕಲಾ ಕಾಲೇಜಿನ ಮೈದಾನಕ್ಕೆ ಹೋದಳು. ಮಾಸ್ಟ್ರು ಹತ್ತಿರ ಬಿಡಲಿಲ್ಲ.

“ಬೇಡಮ್ಮ. ನಾಳೆ ಎಂತ ಆದರೂ ಜವಾಬ್ದಾರಿ ಯಾರದು? ನಿನ್ನ ಎದೆ ಸರಿ ಇಲ್ಲ.”

“ಎದೆ ಸರಿ ಇಲ್ಲದಾಗ ಓಡು ಅಂದಿರಿ ಸರ್. ಸರಿಯಾದ ಮೇಲೆ ಬೇಡ ಅಂತೀರಿ.”

“ನಿನ್ನ ಒಳ್ಳೆಯದಕ್ಕೇ ಹೇಳುವುದು ನಾನು.”

ಅವಳು ಅವರನ್ನು ಒಮ್ಮೆ ಅಡಿಯಿಂದ ಮುಡಿಯ ತನಕ ನೋಡಿದಳು. ಇಷ್ಟು ಸಣ್ಣ ಮನುಷ್ಯ ಸೀಟಿ ಊದಿದಾಗಲೆಲ್ಲ ತಾನು ಮೂರು ವರ್ಷ ಓಡಿದ್ದೆನಲ್ಲ ಎಂದು ಅಚ್ಚರಿಪಟ್ಟಳು. ಬೈಯುವ ಮನಸ್ಸೂ ಆಗಲಿಲ್ಲ. ಹಿಂದಿರುಗಿ ನಡೆದಳು.

ಮರುದಿನದಿಂದ ಮಣಿಪಾಲದ ಗುಡ್ಡದ ಹಿಂದಿನ ರಸ್ತೆಯಲ್ಲಿ ಒಬ್ಬಳೇ ಓಡತೊಡಗಿದಳು. ಮೊದಮೊದಲು ಎದೆ ಸ್ವಲ್ಪ ಜೋರಾದರೂ ಹೆದರಿ ನಿಲ್ಲುತ್ತಿದ್ದಳು. ನಿಂತದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಡ್ಯೂಟಿ ಇಲ್ಲದ ದಿನ ಬೆನೆಡಿಕ್ಟಾ ಬರುತ್ತಿದ್ದಳು. ಅವಳು ಹಿಂದೆ ಇದ್ದಾಳೆಂದು ಗೊತ್ತಿದ್ದ ದಿನ ಶಶಿಕಲಾ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹೆದರಿಕೆ ಹಾಗೆ ಸ್ವಲ್ಪ ಸ್ವಲ್ಪವೇ ಕರಗಿತು.

ವರ್ಷ ತಿರುಗಿದ ಮೇಲೆ ಉಡುಪಿಯಲ್ಲಿ ಊರವರಿಗೆಲ್ಲ ತೆರೆದ ಒಂದು ಓಟ ನಡೆಯಿತು. ಯಾವ ಕಾಲೇಜಿನ ಹೆಸರೂ ಬೇಕಿರಲಿಲ್ಲ. ಇಬ್ಬರೂ ಸೇರಿದರು. ಮಗಳು ಓಡುವುದನ್ನು ಅಲ್ಲಿಯ ತನಕ ಒಮ್ಮೆಯೂ ನೋಡದ ಯಂಕವ್ವ ಆ ದಿನ ಕೆಲಸಕ್ಕೆ ರಜೆ ಹಾಕಿ ಬಂದು ಗೆರೆಯ ಬಳಿ ನಿಂತಳು. ಶಶಿಕಲಾ ನಾಲ್ಕನೆಯವಳಾಗಿ ಬಂದಳು. ಎದೆ ಹದವಾಗಿ, ಲಯ ತಪ್ಪದೆ ಹೊಡೆದುಕೊಳ್ಳುತ್ತಿತ್ತು. ಸಂಘಟಕರೊಬ್ಬರು ಬಂದು, “ನಿನ್ನ ಪರಿಸ್ಥಿತಿಯಲ್ಲಿ ಭಾಗವಹಿಸಿದ್ದೇ ದೊಡ್ಡದಮ್ಮಾ,” ಎಂದರು.

“ನನ್ನ ಪರಿಸ್ಥಿತಿಗೆ ಎಂತ ಆಗಿದೆ? ಆ ಮೂರನೆಯವಳ ಕಾಲು ನೋಡಿದಿರಾ? ಕೋಳಿ ಓಡಿದ ಹಾಗೆ ಓಡ್ತಾಳೆ. ಅವಳು ನನ್ನ ಮುಂದೆ!” ಎಂದಳು.

ಯಂಕವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು. ಜನ ನೋಡುತ್ತಿದ್ದರೂ ಲೆಕ್ಕಿಸದೆ ಅಂಗೈಯನ್ನು ಅವಳ ಎದೆಯ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು.

“ಸರಿ ಹೊಡಕೊಳ್ಳಾಕತ್ತೈತಿ,” ಎಂದಳು. ಕೈ ತೆಗೆದ ಮೇಲೆ ಅವಳ ಮುಖ ಗಂಟಾಯಿತು. “ನಾಕನೇದಾಕಿ ಆಗಾಕ ಇಷ್ಟ ಬೆವರು ಸುರಸಬೇಕಿತ್ತೇನ? ಮುಂದಿನ ಸರ್ತಿ ಹಿಂಗ ಓಡೂದಾದ್ರ ನಾ ಪಗಾರ ಬಿಟ್ಟು ಬರಾಂಗಿಲ್ಲ ನೋಡು.”

“ಬರಬೇಡ,” ಎಂದಳು ಶಶಿಕಲಾ. ರಸ್ತೆಯ ತಿರುವಿನಲ್ಲಿ ಬೆನೆಡಿಕ್ಟಾ ಆಗಷ್ಟೇ ಕಾಣಿಸಿಕೊಂಡಿದ್ದಳು. ಅವಳಿಗೆ ಕೊಡಲೆಂದು ಅವ್ವನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಶಶಿಕಲಾ ಆ ಕಡೆಗೆ ಹೋದಳು.